ಟಿಎನ್‌ಎಫ್ ಇಲ್ಲದ ಇಲಿಗಳು: ಚರ್ಮದ ಉರಿಯೂತ ಮತ್ತು ಕ್ಯಾನ್ಸರ್ ನಡುವಿನ ಒಂದು ಪ್ರಕರಣ

1999ರ ಜುಲೈ ತಿಂಗಳ ‘ನೇಚರ್ ಮೆಡಿಸಿನ್’ ಸಂಚಿಕೆಯಲ್ಲಿ ನಾಲ್ಕು ಪುಟಗಳ ಒಂದು ಪ್ರಬಂಧ ಬಂತು. ಲಂಡನ್ನಿನ ಇಂಪೀರಿಯಲ್ ಕ್ಯಾನ್ಸರ್ ರಿಸರ್ಚ್ ಫಂಡ್‌ನಲ್ಲಿ ಫ್ರಾನ್ಸಿಸ್ ಬಾಲ್ಕ್‌ವಿಲ್ ನಡೆಸುತ್ತಿದ್ದ ಪ್ರಯೋಗಾಲಯದ ಕೆಲಸ ಅದು. ಟಿಎನ್‌ಎಫ್ ಎಂಬ ಪ್ರೋಟೀನಿನ ಜೀನನ್ನು ಕಿತ್ತುಹಾಕಿ ಬೆಳೆಸಿದ ಇಲಿಗಳ ಬೆನ್ನಿಗೆ ಕ್ಯಾನ್ಸರ್‌ಕಾರಕ ರಾಸಾಯನಿಕಗಳನ್ನು ಹಚ್ಚಿದಾಗ ಸಹಜ ಇಲಿಗಳಿಗಿಂತ ತೀರ ಕಡಿಮೆ ಗಡ್ಡೆಗಳು ಎದ್ದವು ಎಂಬುದು ಅದರ ತಿರುಳು.

ಅಂದಿನ ಓದುಗರು ಹುಬ್ಬೇರಿಸಲು ಕಾರಣವಿತ್ತು. ಟಿಎನ್‌ಎಫ್ ಎಂದರೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್. ಗಡ್ಡೆಯನ್ನು ಕೊಲ್ಲುತ್ತದೆ ಎಂಬ ಕಾರಣಕ್ಕೇ ಪತ್ತೆಯಾಗಿ, ಕ್ಯಾನ್ಸರ್ ಔಷಧವಾಗುತ್ತದೆ ಎಂದು ಕಂಪನಿಗಳು ದುಡ್ಡು ಸುರಿದಿದ್ದ ಪ್ರೋಟೀನ್ ಅದು. ಅಂಥದ್ದನ್ನು ದೇಹದಿಂದ ತೆಗೆದುಬಿಟ್ಟರೆ ಗಡ್ಡೆಗಳು ಹೆಚ್ಚಬೇಕಿತ್ತು, ಕಡಿಮೆಯಾಗಬಾರದಿತ್ತು. ಈ ಪ್ರಬಂಧವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಅದರ ಮೊದಲ ಅಂಕಿಯನ್ನು ಹೇಳಿ ಮುಂದೆ ಸಾಗುತ್ತಾರೆ. ನನಗೆ ಅದರ ನಿಜವಾದ ತೂಕ ಇರುವುದು ಬೇರೆ ಎರಡು ಕಡೆ ಎನಿಸುತ್ತದೆ: ಆ ಪ್ರೋಟೀನನ್ನು ಯಾವ ಕೋಶಗಳು ತಯಾರಿಸುತ್ತಿದ್ದವು ಎಂಬಲ್ಲಿ ಮತ್ತು ಯಾವ ಹಂತದಿಂದಾಚೆಗೆ ಅದರ ಇರವು ಲೆಕ್ಕಕ್ಕೆ ಬರಲಿಲ್ಲ ಎಂಬಲ್ಲಿ.

ಹಿನ್ನೆಲೆ

ಕಥೆ ಶುರುವಾಗುವುದೂ ಒಂದು ಚರ್ಮದ ಕಾಯಿಲೆಯಿಂದಲೇ. ನ್ಯೂಯಾರ್ಕಿನ ಶಸ್ತ್ರಚಿಕಿತ್ಸಕ ವಿಲಿಯಂ ಕೋಲಿ, ಎರಿಸಿಪೆಲಸ್ ಎಂಬ ತೀವ್ರ ಚರ್ಮದ ಸೋಂಕು ತಗುಲಿದ ರೋಗಿಯೊಬ್ಬನ ಗಡ್ಡೆ ಕರಗಿಹೋದ ದಾಖಲೆಯನ್ನು ಓದಿ, 1891ರಲ್ಲಿ ಬೇರೊಬ್ಬ ಕ್ಯಾನ್ಸರ್ ರೋಗಿಗೆ ಬೇಕೆಂದೇ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಚುಚ್ಚಿದರು. ಮುಂದೆ ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣ ಮಾಡಿಕೊಂಡರು. ಕೆಲವರಲ್ಲಿ ಗಡ್ಡೆ ಕುಗ್ಗಿತು, ಕೆಲವರಲ್ಲಿ ಏನೂ ಆಗಲಿಲ್ಲ, ಮೊದಮೊದಲು ಜೀವಂತ ಬ್ಯಾಕ್ಟೀರಿಯಾ ಚುಚ್ಚಿಸಿಕೊಂಡ ಕೆಲವರು ಸೋಂಕಿಗೇ ಬಲಿಯಾದರು. ವಿಕಿರಣ ಚಿಕಿತ್ಸೆ ಬಂದ ಮೇಲೆ ಕೋಲಿಯ ಮದ್ದು ಮೂಲೆ ಸೇರಿತು.

ಅದನ್ನು ಮತ್ತೆ ಕೈಗೆತ್ತಿಕೊಂಡವರು ಅದೇ ನಗರದ ಲಾಯ್ಡ್ ಓಲ್ಡ್, ಎಲಿಜಬೆತ್ ಕಾರ್ಸ್‌ವೆಲ್ ಮತ್ತು ಸಂಗಡಿಗರು. ಇಲಿಗಳಿಗೆ ಮೊದಲು ಕ್ಷಯದ ಲಸಿಕೆ ಬಿಸಿಜಿ ಕೊಟ್ಟು, ಆಮೇಲೆ ಬ್ಯಾಕ್ಟೀರಿಯಾದ ಹೊರಪದರದ ವಿಷವನ್ನು ಚುಚ್ಚಿ, ಅವುಗಳ ರಕ್ತದ ಸೀರಮ್ ತೆಗೆದು ಗಡ್ಡೆಯಿದ್ದ ಬೇರೆ ಇಲಿಗಳಿಗೆ ಕೊಟ್ಟಾಗ ಗಡ್ಡೆಯ ಒಳಭಾಗ ಕಪ್ಪಾಗಿ ಕೊಳೆಯಿತು. ಗಡ್ಡೆಯನ್ನು ಕೊಲ್ಲುತ್ತಿದ್ದುದು ಬ್ಯಾಕ್ಟೀರಿಯಾ ಅಲ್ಲ, ಅದಕ್ಕೆ ಉತ್ತರವಾಗಿ ದೇಹವೇ ಸುರಿಸಿದ ಏನೋ ಒಂದು ಎಂದು 1975ರಲ್ಲಿ ಅವರು ಬರೆದರು. 1984ರಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿಯ ವಿಜ್ಞಾನಿಗಳು ಅದರ ಜೀನನ್ನು ಪ್ರತ್ಯೇಕಿಸಿದರು. ಆ ಪ್ರೋಟೀನನ್ನು ಶುದ್ಧೀಕರಿಸಿದ ತಂಡದಲ್ಲಿ ಪಂಜಾಬ್ ಮೂಲದ ಭರತ್ ಅಗರ್ವಾಲ್ ಇದ್ದರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ರೋಗಿಗಳಿಗೆ ಕೊಟ್ಟು ನೋಡಿದಾಗ ಆಸೆ ಬೇಗ ಇಳಿಯಿತು. ಚಳಿಜ್ವರ, ರಕ್ತದೊತ್ತಡದ ಕುಸಿತ. ಗಡ್ಡೆ ಕರಗುವಷ್ಟು ಪ್ರಮಾಣವನ್ನು ದೇಹ ತಾಳಲಿಲ್ಲ. ಅದೇ ಹೊತ್ತಿಗೆ ಬ್ರೂಸ್ ಬ್ಯೂಟ್ಲರ್ ಮತ್ತು ಆಂಥನಿ ಸೆರಾಮಿ ಇನ್ನೊಂದು ದಾರಿಯಲ್ಲಿ ಬರುತ್ತಿದ್ದರು. ದೀರ್ಘ ಕಾಯಿಲೆಯಲ್ಲಿ ಮೈ ಸೊರಗಿಸುವ ಪ್ರೋಟೀನೊಂದನ್ನು ಹುಡುಕಿ ಹೊರಟಿದ್ದ ಅವರಿಗೆ 1985ರಲ್ಲಿ ಸಿಕ್ಕಿದ್ದು ಇದೇ ಟಿಎನ್‌ಎಫ್. ಸೋಂಕಿನ ಆಘಾತಕ್ಕೆ, ಕೀಲುಗಳ ಉರಿಯೂತಕ್ಕೆ ಇದರ ಕೈವಾಡ ಒಂದೊಂದಾಗಿ ಸಾಬೀತಾಗುತ್ತ ಹೋಯಿತು. 1990ರಲ್ಲಿ ಇನ್ನೊಂದು ಸಣ್ಣ ಸಂಗತಿ ವರದಿಯಾಯಿತು: ಮನುಷ್ಯನ ಚರ್ಮದ ಮೇಲ್ಪದರದ ಕೆರಟಿನೋಸೈಟ್ ಕೋಶಗಳ ಮೇಲೆ ನೇರಳಾತೀತ ಕಿರಣ ಬಿಟ್ಟರೆ ಅವು ತಾವೇ ಟಿಎನ್‌ಎಫ್ ತಯಾರಿಸಿ ಹೊರಬಿಡುತ್ತವೆ. ರೋಗನಿರೋಧಕ ಕೋಶಗಳ ಸೊತ್ತು ಎಂದುಕೊಂಡಿದ್ದ ಪ್ರೋಟೀನ್ ಮೈಯ ಹೊದಿಕೆಯಲ್ಲೇ ಹುಟ್ಟುತ್ತಿತ್ತು. ಲಂಡನ್ನಿನ ಪ್ರಕರಣಕ್ಕೆ ಇದು ಮುಖ್ಯ.

ಪ್ರಯೋಗದ ವಿನ್ಯಾಸ

ಇಲಿಯ ಬೆನ್ನಿನ ಮೇಲೆ ಎರಡು ಹಂತಗಳಲ್ಲಿ ಗಡ್ಡೆ ಬರಿಸುವ ವಿಧಾನ ಕ್ಯಾನ್ಸರ್ ವಿಜ್ಞಾನದ ಅತಿ ಹಳೆಯ, ಅತಿ ನಂಬಿಕಸ್ತ ಪ್ರಯೋಗಗಳಲ್ಲಿ ಒಂದು. ಅದರ ಬೇರು ಲಂಡನ್ನಿನ ಚಿಮಣಿ ಗುಡಿಸುವ ಹುಡುಗರಲ್ಲಿದೆ. ಮಸಿ ಮೆತ್ತಿಕೊಂಡು ಬೆಳೆದವರಿಗೆ ವೃಷಣಚೀಲದ ಚರ್ಮದ ಕ್ಯಾನ್ಸರ್ ಬರುವುದನ್ನು ಪರ್ಸಿವಲ್ ಪಾಟ್ 1775ರಲ್ಲೇ ಗುರುತಿಸಿದ್ದರು. 1915ರಲ್ಲಿ ಜಪಾನಿನ ಯಾಮಾಗಿವ ಮತ್ತು ಇಚಿಕಾವ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರು ಹಚ್ಚಿ ಪ್ರಯೋಗಾಲಯದಲ್ಲೇ ಕ್ಯಾನ್ಸರ್ ಬರಿಸಿ ತೋರಿಸಿದರು. 1940ರ ದಶಕದ ಮೊದಲಲ್ಲಿ ಐಸಾಕ್ ಬೆರೆನ್‌ಬ್ಲಂ ಈ ಪ್ರಕ್ರಿಯೆಯನ್ನು ಎರಡಾಗಿ ಬಿಡಿಸಿದರು. ಟಾರಿನಲ್ಲಿರುವಂಥ ಕ್ಯಾನ್ಸರ್‌ಕಾರಕವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಹಚ್ಚಿದರೆ ಗಡ್ಡೆ ಬರುವುದಿಲ್ಲ. ಆದರೆ ಅದಾದ ಮೇಲೆ ಚರ್ಮವನ್ನು ಕೆರಳಿಸುವ ಒಂದು ಎಣ್ಣೆಯನ್ನು ಪದೇ ಪದೇ ಹಚ್ಚಿದರೆ ಬರುತ್ತದೆ.

ಆ ಎಣ್ಣೆ ನಮಗೆ ಹೊಸದಲ್ಲ. ಅದು ಜಾಪಾಳದ ಬೀಜದ ಎಣ್ಣೆ. ಹಳ್ಳಿಯ ಹಿರಿಯರಿಗೆ ಉಗ್ರ ಭೇದಿಯ ಮದ್ದಾಗಿ ಗೊತ್ತಿರುವ, ಶುದ್ಧಿ ಮಾಡದೆ ಬಳಸಬಾರದೆಂದು ಆಯುರ್ವೇದ ಎಚ್ಚರಿಸುವ ಜಯಪಾಲ. ಮೈಗೆ ತಾಗಿದರೆ ಬೊಕ್ಕೆ ಎಬ್ಬಿಸುವ ಈ ಎಣ್ಣೆಯ ಸಾರವನ್ನು 1960ರ ದಶಕದಲ್ಲಿ ಹೈಡೆಲ್‌ಬರ್ಗಿನ ಎರಿಕ್ ಹೆಕರ್ ಮತ್ತಿತರರು ಬೇರ್ಪಡಿಸಿದರು. ಟಿಪಿಎ ಎಂಬ ಚುಟುಕು ಹೆಸರಿನ ಆ ರಾಸಾಯನಿಕ ಇಂದಿಗೂ ಜಗತ್ತಿನ ಕ್ಯಾನ್ಸರ್ ಪ್ರಯೋಗಾಲಯಗಳ ಫ್ರಿಜ್‌ಗಳಲ್ಲಿದೆ.

ಬಾಲ್ಕ್‌ವಿಲ್ ತಂಡ ಬಳಸಿದ್ದು ಇದೇ ಜೋಡಿಯನ್ನು. ಮೊದಲಿಗೆ ಡಿಎಂಬಿಎ ಎಂಬ ಕ್ಯಾನ್ಸರ್‌ಕಾರಕ. ಇದು ಚರ್ಮದ ಕೆಲವು ಕೋಶಗಳ ಡಿಎನ್‌ಎಯನ್ನು ಕೆಡಿಸುತ್ತದೆ. ಹೆಚ್ಚಾಗಿ, ಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಹಾರ್ವೆ-ರಾಸ್ ಎಂಬ ಜೀನಿನ 61ನೆಯ ಸಂಕೇತದಲ್ಲಿ ಒಂದು ಅಕ್ಷರ ಬದಲಾಗುತ್ತದೆ ಎಂಬುದನ್ನು 1986ರಲ್ಲೇ ಅಲನ್ ಬಾಲ್ಮೇನ್ ಅವರ ತಂಡ ತೋರಿಸಿತ್ತು. ಇಷ್ಟಾದರೂ ಆ ಕೋಶ ಸುಮ್ಮನಿರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ವಾರಗಳಲ್ಲ, ತಿಂಗಳುಗಳೇ ಕಳೆಯಬಹುದು. ಆಮೇಲೆ ಟಿಪಿಎ ಹಚ್ಚತೊಡಗಿದರೆ ಚರ್ಮ ಕೆಂಪಾಗಿ ಊದಿಕೊಳ್ಳುತ್ತದೆ, ಮೇಲ್ಪದರ ದಪ್ಪಗಾಗುತ್ತದೆ, ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ, ಕೆಲವು ವಾರಗಳಲ್ಲಿ ಗಂಟುಗಳು ಏಳುತ್ತವೆ. ಹೆಚ್ಚಿನವು ನಿರಪಾಯಕಾರಿ ಗಂಟುಗಳು. ಅವುಗಳಲ್ಲಿ ಕೆಲವು ಮಾತ್ರ ಆಳಕ್ಕಿಳಿದು ನಿಜವಾದ ಕ್ಯಾನ್ಸರ್ ಆಗುತ್ತವೆ.

ಈ ವಿಧಾನದ ಗುಣವೇ ಇದು: ಡಿಎನ್‌ಎ ಕೆಡಿಸುವ ಕೆಲಸ ಒಂದು ದಿನ, ಉರಿಯೂತ ಬರಿಸುವ ಕೆಲಸ ಇನ್ನೊಂದು ದಿನ. ಮನುಷ್ಯನಲ್ಲಿ ಬಿಸಿಲು ಎರಡನ್ನೂ ಒಟ್ಟಿಗೇ ಮಾಡುತ್ತದೆ. ಆದ್ದರಿಂದ ಯಾವುದು ಯಾವುದರ ಫಲ ಎಂದು ಬಿಡಿಸುವುದು ಕಷ್ಟ. ಇಲಿಯ ಬೆನ್ನಿನ ಮೇಲೆ ಆ ಗಂಟು ಬಿಚ್ಚುತ್ತದೆ.

ಇಲಿಗಳು ಬಂದದ್ದು ಗ್ರೀಸಿನ ಜಾರ್ಜ್ ಕೊಲ್ಲಿಯಾಸ್ ಅವರ ಪ್ರಯೋಗಾಲಯದಿಂದ. ಅಲ್ಲಿ ಮನೊಲಿಸ್ ಪಾಸ್ಪರಾಕಿಸ್ ಮತ್ತು ಸಂಗಡಿಗರು ಟಿಎನ್‌ಎಫ್ ಜೀನಿಲ್ಲದ ಇಲಿಗಳನ್ನು ರೂಪಿಸಿ 1996ರಲ್ಲಿ ವರದಿ ಮಾಡಿದ್ದರು. ಆ ಇಲಿಗಳು ಹುಟ್ಟಿ ಬೆಳೆಯುತ್ತಿದ್ದವು, ಮರಿ ಹಾಕುತ್ತಿದ್ದವು. ಲಿಸ್ಟೀರಿಯಾದಂಥ ಸೋಂಕು ತಗುಲಿದಾಗ ಮಾತ್ರ ತತ್ತರಿಸುತ್ತಿದ್ದವು.

ಕಂಡದ್ದೇನು

ಡಿಎಂಬಿಎ ಒಮ್ಮೆ, ಟಿಪಿಎ ಮತ್ತೆ ಮತ್ತೆ ಹಚ್ಚಿದಾಗ ಟಿಎನ್‌ಎಫ್ ಇಲ್ಲದ ಇಲಿಗಳಲ್ಲಿ ಎದ್ದ ಗಡ್ಡೆಗಳ ಸಂಖ್ಯೆ ಸಹಜ ಇಲಿಗಳ ಸಂಖ್ಯೆಯ ಶೇ 5ರಿಂದ 10ರಷ್ಟು ಮಾತ್ರ. ಟಿಪಿಎ ಬಿಟ್ಟು ಡಿಎಂಬಿಎಯನ್ನೇ ಪದೇ ಪದೇ ಹಚ್ಚಿದಾಗ ಶೇ 25ರಷ್ಟು. ಎರಡನೆಯ ಅಂಕಿಯನ್ನು ಯಾರೂ ಹೆಚ್ಚು ಚರ್ಚಿಸುವುದಿಲ್ಲ. ನನ್ನ ಓದಿನಲ್ಲಿ ಅದು ಮೊದಲನೆಯದರಷ್ಟೇ ಮಾತಾಡುತ್ತದೆ: ಡಿಎನ್‌ಎಗೆ ಏಟಿನ ಮೇಲೆ ಏಟು ಬೀಳುತ್ತಿದ್ದರೆ ಉರಿಯೂತದ ನೆರವು ಅಷ್ಟು ಬೇಕಾಗುವುದಿಲ್ಲ, ಆದರೆ ಪೂರ್ತಿ ಬೇಡವಾಗುವುದೂ ಇಲ್ಲ.

ಇನ್ನು ನಾನು ಮೊದಲೇ ಹೇಳಿದ ಎರಡು ಸಂಗತಿಗಳು. ಟಿಪಿಎ ಹಚ್ಚಿದ ಸಹಜ ಇಲಿಯ ಚರ್ಮವನ್ನು ಸೀಳಿ ನೋಡಿದಾಗ ಟಿಎನ್‌ಎಫ್ ಹೇರಳವಾಗಿ ಕಂಡದ್ದು ಹೊರಚರ್ಮದಲ್ಲಿ, ಒಳಚರ್ಮದಲ್ಲಲ್ಲ. ಬಿಳಿ ರಕ್ತಕಣಗಳು ಬಂದು ಸೇರುವುದು ಒಳಚರ್ಮದಲ್ಲಿ. ಅಂದರೆ ಹೊರಗಿನಿಂದ ಬಂದ ರಕ್ಷಣಾ ಕೋಶಗಳು ಟಿಎನ್‌ಎಫ್ ಸುರಿಸಿ ಚರ್ಮವನ್ನು ಕೆಡಿಸುತ್ತಿಲ್ಲ. ಚರ್ಮದ ಮೇಲ್ಪದರದ ಕೋಶಗಳೇ ಟಿಎನ್‌ಎಫ್ ಬಿಟ್ಟು ಕೆಳಗಿನ ಪದರಕ್ಕೆ ಅವುಗಳನ್ನು ಕರೆಸಿಕೊಳ್ಳುತ್ತಿವೆ. ಕ್ಯಾನ್ಸರ್ ಹುಟ್ಟುವುದೂ ಇದೇ ಮೇಲ್ಪದರದಲ್ಲಿ. ಟಿಎನ್‌ಎಫ್ ಪ್ರಚೋದಿಸುವ ಎಂಸಿಪಿ-1 ಎಂಬ ಇನ್ನೊಂದು ಕರೆಯೋಲೆ ಪ್ರೋಟೀನ್ ಇಲ್ಲದ ಇಲಿಗಳನ್ನೂ ತಂಡ ಪರೀಕ್ಷಿಸಿತು. ಅವುಗಳಲ್ಲೂ ಗಡ್ಡೆಗೆ ಸ್ವಲ್ಪ ಪ್ರತಿರೋಧ ಕಂಡಿತು, ಸ್ವಲ್ಪ ಮಾತ್ರ.

ಎರಡನೆಯದು ಕಾಲದ ಸಂಗತಿ. ಟಿಪಿಎ ಹಚ್ಚಿದ ಆರಂಭದಲ್ಲಿ ಕಾಣುವ ಕೋಶಗಳ ಅತಿವೃದ್ಧಿ ಮತ್ತು ಉರಿಯೂತ ಟಿಎನ್‌ಎಫ್ ಇಲ್ಲದ ಇಲಿಗಳಲ್ಲಿ ಮಂದವಾಗಿದ್ದವು. ಆದರೆ ಅಂಥ ಇಲಿಯಲ್ಲಿ ಹೇಗೋ ಒಂದು ಗಂಟು ಎದ್ದುಬಿಟ್ಟರೆ ಅದು ಮಾರಕ ಕ್ಯಾನ್ಸರ್ ಆಗಿ ತಿರುಗುವ ಪ್ರಮಾಣ ಎರಡೂ ಬಗೆಯ ಇಲಿಗಳಲ್ಲಿ ಹೆಚ್ಚುಕಡಿಮೆ ಒಂದೇ. ಈ ಪ್ರೋಟೀನಿನ ಆಟ ಮೊದಲ ಅಂಕದಲ್ಲೇ ಮುಗಿಯುತ್ತದೆ. ಔಷಧ ಕಂಪನಿಗಳಿಗೆ ಇದು ಸಿಹಿ ಸುದ್ದಿಯಲ್ಲ. ರೋಗಿ ಆಸ್ಪತ್ರೆಗೆ ಬರುವುದು ಎರಡನೆಯ ಅಂಕದ ಹೊತ್ತಿಗೆ.

ಒಂದೇ ಪ್ರಯೋಗಾಲಯದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದೇ ವರ್ಷ ಜಪಾನಿನ ಸೈತಾಮಾದಲ್ಲಿ ಸುಗಾನುಮಾ, ಫುಜಿಕಿ ಮತ್ತಿತರರು ಜಾಪಾಳದ ಸಾರದ ಜೊತೆಗೆ, ಕಡಲ ಸ್ಪಂಜಿನಿಂದ ಮೊದಲು ಬೇರ್ಪಡಿಸಿದ ಒಕಡಾಯಿಕ್ ಆಮ್ಲವನ್ನೂ ಬಳಸಿ ಇದೇ ತೀರ್ಮಾನಕ್ಕೆ ಬಂದಿದ್ದರು. 2003ರಲ್ಲಿ ಬಾಲ್ಕ್‌ವಿಲ್ ತಂಡವೇ ಜೀನನ್ನು ಮುಟ್ಟದೆ, ಟಿಎನ್‌ಎಫ್ ಅನ್ನು ಹಿಡಿದಿಡುವ ಪ್ರತಿಕಾಯ ಕೊಟ್ಟು ಇಲಿಗಳಲ್ಲಿ ಚರ್ಮದ ಗಡ್ಡೆಗಳನ್ನು ಕಡಿಮೆ ಮಾಡಿತು.

ತೊಡಕು

ಇಲ್ಲಿಗೆ ಪ್ರಕರಣ ಮುಗಿಯಿತು ಎನ್ನುವಷ್ಟರಲ್ಲಿ ಬೇರೆ ದಿಕ್ಕಿನಿಂದ ತಕರಾರು ಬಂತು. ಟಿಎನ್‌ಎಫ್ ಕೋಶದ ಹೊರಮೈಯಲ್ಲಿ ಸಂದೇಶ ಹಿಡಿಯುವ ಪ್ರೋಟೀನಿಗೆ, ಅಂದರೆ ಗ್ರಾಹಕಕ್ಕೆ, ಅಂಟಿಕೊಂಡಾಗ ಒಳಗೆ ಚುರುಕಾಗುವ ಮುಖ್ಯ ಪ್ರೋಟೀನ್ ಎನ್ಎಫ್-ಕಪ್ಪಾಬಿ. ಕರುಳು, ಯಕೃತ್ತು ಮೊದಲಾದ ಕಡೆಗಳಲ್ಲಿ ಉರಿಯೂತದಿಂದ ಕ್ಯಾನ್ಸರ್‌ಗೆ ಹೋಗುವ ಸೇತುವೆ ಎಂದು ಇದನ್ನು ಬಣ್ಣಿಸುವುದು ವಾಡಿಕೆ. ಹಾಗಾದರೆ ಚರ್ಮದಲ್ಲಿ ಇದನ್ನು ತಡೆದರೆ ಕ್ಯಾನ್ಸರ್ ನಿಲ್ಲಬೇಕಲ್ಲ? ಆದದ್ದು ತಿರುಗುಮುರುಗು. ಸ್ವೀಡನ್ನಿನಲ್ಲಿ ಇಲಿಯ ಹೊರಚರ್ಮದಲ್ಲಿ ಎನ್ಎಫ್-ಕಪ್ಪಾಬಿಯನ್ನು ಕಟ್ಟಿಹಾಕಿದಾಗ, ಯಾವ ರಾಸಾಯನಿಕವನ್ನೂ ಹಚ್ಚದೆ, ತಾನಾಗಿಯೇ ಸ್ಕ್ವಾಮಸ್ ಕೋಶದ ಕ್ಯಾನ್ಸರ್ (ಹೊರಚರ್ಮದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಬಂತು. 2003ರಲ್ಲಿ ಸ್ಟ್ಯಾನ್‌ಫರ್ಡಿನ ಪಾಲ್ ಖವರಿ ಅವರ ತಂಡ ಮನುಷ್ಯನ ಚರ್ಮಕೋಶಗಳಲ್ಲಿ ಎನ್ಎಫ್-ಕಪ್ಪಾಬಿ ತಡೆದು, ಕೆಟ್ಟ ರಾಸ್ ಜೀನ್ ಸೇರಿಸಿ ಇಲಿಗಳ ಮೇಲೆ ಕಸಿ ಮಾಡಿದಾಗ ಆಳಕ್ಕಿಳಿಯುವ ಕ್ಯಾನ್ಸರೇ ಬೆಳೆಯಿತು.

ಟಿಎನ್‌ಎಫ್ ತೆಗೆದರೆ ಕ್ಯಾನ್ಸರ್ ಕಡಿಮೆ, ಟಿಎನ್‌ಎಫ್‌ನ ಆಜ್ಞೆ ಪಾಲಿಸುವ ಪ್ರೋಟೀನ್ ತಡೆದರೆ ಕ್ಯಾನ್ಸರ್ ಹೆಚ್ಚು! ಕೆಲಕಾಲ ಎರಡೂ ಕಡೆಯವರು ಪರಸ್ಪರರ ಪ್ರಬಂಧಗಳನ್ನು ಅನುಮಾನದಿಂದಲೇ ಓದಿರಬೇಕು.

ಗಂಟು ಸಡಿಲಿಸುವ ಕೊಂಡಿ ಒದಗಿಸಿದವರಲ್ಲಿ ಒಬ್ಬರು, 1996ರ ಇಲಿಗಳನ್ನು ರೂಪಿಸಿದ ಅದೇ ಪಾಸ್ಪರಾಕಿಸ್. ಹೊರಚರ್ಮದಲ್ಲಿ ಮಾತ್ರ ಎನ್ಎಫ್-ಕಪ್ಪಾಬಿಯನ್ನು ಚುರುಕುಗೊಳಿಸುವ ಐಕೆಕೆ2 ಕಿಣ್ವವನ್ನು ತೆಗೆದಾಗ ಇಲಿಮರಿಗಳಿಗೆ ತೀವ್ರ ಚರ್ಮದ ಉರಿಯೂತ ಬಂತು ಎಂದು 2002ರಲ್ಲಿ ಅವರ ತಂಡ ವರದಿ ಮಾಡಿತು. ಆದರೆ ಟಿಎನ್‌ಎಫ್‌ನ ಮೊದಲ ಗ್ರಾಹಕವನ್ನೂ ಜೊತೆಗೇ ತೆಗೆದರೆ ಆ ಉರಿಯೂತ ಬರಲಿಲ್ಲ. 2004ರಲ್ಲಿ ಸ್ವೀಡನ್ನಿನ ತಂಡ ತನ್ನ ಇಲಿಗಳಲ್ಲಿ ಇದೇ ಕೆಲಸ ಮಾಡಿ ನೋಡಿತು. ಎನ್ಎಫ್-ಕಪ್ಪಾಬಿ ತಡೆದ ಚರ್ಮದಲ್ಲಿ ಟಿಎನ್‌ಎಫ್ ಗ್ರಾಹಕ ಇಲ್ಲದಿದ್ದರೆ ಕ್ಯಾನ್ಸರ್ ಇಲ್ಲ.

ಅಂದರೆ ಎನ್ಎಫ್-ಕಪ್ಪಾಬಿ ಇರುವಾಗ ಕೆರಟಿನೋಸೈಟ್ ಟಿಎನ್‌ಎಫ್‌ನ ಕರೆಯನ್ನು ಹದ್ದುಬಸ್ತಿನಲ್ಲಿ ನಿಭಾಯಿಸುತ್ತದೆ. ಅದಿಲ್ಲದಾಗ ಅದೇ ಕರೆ ಬೇರೆ ದಾರಿ ಹಿಡಿಯುತ್ತದೆ, ಕೋಶವಿಭಜನೆಗೆ ತಳ್ಳುವ ಜೆಎನ್‌ಕೆ ಎಂಬ ಕಿಣ್ವದ ದಾರಿ. ಎರಡೂ ಪ್ರಯೋಗಗಳಲ್ಲಿ ಉರಿಯೂತ ಹೊತ್ತಿಸಿದ್ದು ಟಿಎನ್‌ಎಫ್‌ನ ಕರೆಯೇ. ಚರ್ಮ ಕರುಳಿನಂತಲ್ಲ ಎನ್ನುವುದು ಇಲ್ಲಿ ಕಲಿಯಬೇಕಾದ ಪಾಠ. ಒಂದು ಅಂಗದಲ್ಲಿ ಕಂಡ ದಾರಿಯ ನಕ್ಷೆ ಹಿಡಿದು ಇನ್ನೊಂದರೊಳಗೆ ನುಗ್ಗುವ ಚಪಲ ಕ್ಯಾನ್ಸರ್ ವಿಜ್ಞಾನದಲ್ಲಿ ಇಂದಿಗೂ ಕಡಿಮೆಯಾಗಿಲ್ಲ.

ಹಳೆಯ ಕೋಲಿ-ಓಲ್ಡ್ ಅವರ ಕಂಡುಕೊಳ್ಳುವಿಕೆ ಹಾಗಾದರೆ ಸುಳ್ಳೇ? ಅಲ್ಲ. ಲಂಡನ್ನಿನ ಪ್ರಬಂಧ ಬಂದ 1999ರಲ್ಲೇ ಯೂರೋಪಿನಲ್ಲಿ ಟಿಎನ್‌ಎಫ್ ಅನ್ನು ಕ್ಯಾನ್ಸರ್ ಔಷಧವಾಗಿ ಬಳಸಲು ಅನುಮತಿ ಸಿಕ್ಕಿತು, ಒಂದೇ ಒಂದು ಸಂದರ್ಭಕ್ಕೆ. ಕೈ ಅಥವಾ ಕಾಲಿನಲ್ಲಿ ಸಾರ್ಕೋಮಾ ಎಂಬ ಮೃದು ಅಂಗಾಂಶದ ಕ್ಯಾನ್ಸರ್ ಇರುವವರಲ್ಲಿ ಆ ಅಂಗದ ರಕ್ತಸಂಚಾರವನ್ನು ದೇಹದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿ, ಇಡೀ ದೇಹ ತಾಳಲಾರದಷ್ಟು ಟಿಎನ್‌ಎಫ್ ಅನ್ನು ಮೆಲ್ಫಲಾನ್ ಎಂಬ ಕ್ಯಾನ್ಸರ್ ಔಷಧದ ಜೊತೆ ಹರಿಸುವ ಚಿಕಿತ್ಸೆ ಅದು. ಅಷ್ಟು ಪ್ರಮಾಣದಲ್ಲಿ ಅದು ಗಡ್ಡೆಯ ರಕ್ತನಾಳಗಳನ್ನೇ ಹಾಳುಗೆಡವುತ್ತದೆ. ಚರ್ಮದ ಕೋಶಗಳು ವಾರಗಟ್ಟಲೆ ಜಿನುಗಿಸುವ ಟಿಎನ್‌ಎಫ್‌ಗೂ ಇದಕ್ಕೂ ಪ್ರಮಾಣದಲ್ಲಿ, ಅವಧಿಯಲ್ಲಿ ಹೋಲಿಕೆಯೇ ಇಲ್ಲ.

ರೋಗಿಗಳ ಮಟ್ಟದಲ್ಲಿ

ಟಿಎನ್‌ಎಫ್ ತಡೆಯುವ ಔಷಧಗಳು ಇಂದು ಚರ್ಮವೈದ್ಯರ ನಿತ್ಯದ ಬಳಕೆಯಲ್ಲಿವೆ, ಆದರೆ ಕ್ಯಾನ್ಸರ್‌ಗಲ್ಲ, ಚರ್ಮ ದಪ್ಪಗಾಗಿ ಹೊಟ್ಟು ಏಳುವ ಸೋರಿಯಾಸಿಸ್ ಎಂಬ ಉರಿಯೂತದ ಕಾಯಿಲೆಗೆ. ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್ ಈ ಗುಂಪಿನವು. ಅಹಮದಾಬಾದಿನ ಜೈಡಸ್ ಕ್ಯಾಡಿಲಾ 2014ರ ಡಿಸೆಂಬರ್‌ನಲ್ಲಿ ಅಡಲಿಮುಮ್ಯಾಬ್‌ನ ಅಗ್ಗದ ಪ್ರತಿರೂಪವನ್ನು ಜಗತ್ತಿನಲ್ಲೇ ಮೊದಲಿಗೆ ಮಾರುಕಟ್ಟೆಗೆ ತಂದ ಮೇಲೆ ನಮ್ಮಲ್ಲೂ ಇದು ಹೆಚ್ಚು ಜನರಿಗೆ ಎಟುಕುವಂತಾಯಿತು. ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆಂದು ತಂದ ಇಟೊಲಿಜುಮ್ಯಾಬ್ ಈ ಗುಂಪಿಗೆ ಸೇರುವುದಿಲ್ಲ. ಅದು ಟಿ ಕೋಶಗಳ ಮೇಲಿನ ಸಿಡಿ6 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ.

ಇಲಿಗಳ ಫಲಿತಾಂಶ ಓದಿದವರಿಗೆ ಸಹಜವಾಗಿ ಬರುವ ಪ್ರಶ್ನೆ: ಈ ಔಷಧ ತೆಗೆದುಕೊಳ್ಳುವವರಿಗೆ ಚರ್ಮದ ಕ್ಯಾನ್ಸರ್ ಕಡಿಮೆ ಬರುತ್ತದೆಯೇ? ಇಲ್ಲ. ಸ್ವೀಡನ್ನಿನ ಸಂಧಿವಾತ ರೋಗಿಗಳ ದಾಖಲೆಗಳಲ್ಲಿ ಸ್ಕ್ವಾಮಸ್ ಕೋಶದ ಚರ್ಮದ ಕ್ಯಾನ್ಸರ್ ಸ್ವಲ್ಪ ಹೆಚ್ಚೇ ಕಂಡಿತು. ಚರ್ಮದ ವರ್ಣಕೋಶಗಳ ಕ್ಯಾನ್ಸರ್ ಆದ ಮೆಲನೋಮಾ ಹೆಚ್ಚಿದೆ ಎಂದು ಅಲ್ಲಿಂದಲೇ 2013ರಲ್ಲಿ ವರದಿ ಬಂದಿತ್ತು. ಆದರೆ ಹಲವು ಯೂರೋಪಿಯನ್ ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದ ಆಮೇಲಿನ ಅಧ್ಯಯನದಲ್ಲಿ ಆ ಹೆಚ್ಚಳ ಕಾಣಲಿಲ್ಲ. ಇಲಿಯ ಪ್ರಯೋಗ ತಪ್ಪೆಂದು ಇದರ ಅರ್ಥವಲ್ಲ. ಅಲ್ಲಿ ಟಿಎನ್‌ಎಫ್ ಹುಟ್ಟಿನಿಂದಲೇ ಇರಲಿಲ್ಲ, ಗಡ್ಡೆ ಆರಂಭವಾಗುವ ಮೊದಲೇ ಅದನ್ನು ತೆಗೆದಾಗಿತ್ತು. ಔಷಧ ಶುರುಮಾಡುವ ಐವತ್ತರ ವಯಸ್ಸಿನ ರೋಗಿಯ ಚರ್ಮದಲ್ಲಿ ದಶಕಗಳ ಬಿಸಿಲು ತನ್ನ ಕೆಲಸ ಮುಗಿಸಿರುತ್ತದೆ. ಹುಟ್ಟಿಕೊಂಡ ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲುವ ರೋಗನಿರೋಧಕ ಕಾವಲಿಗೂ ಟಿಎನ್‌ಎಫ್ ಬೇಕು.

ಸೋರಿಯಾಸಿಸ್ ಸ್ವತಃ ಈ ಪ್ರಕರಣದ ಪಕ್ಕದಲ್ಲಿಟ್ಟು ನೋಡಬೇಕಾದ ಕಾಯಿಲೆ. ಟಿಎನ್‌ಎಫ್ ತುಂಬಿ ತುಳುಕುವ, ಕೋಶಗಳು ವೇಗವಾಗಿ ಹೆಚ್ಚುವ ಆ ದಪ್ಪ ಮಚ್ಚೆಗಳಲ್ಲಿ ಕ್ಯಾನ್ಸರ್ ಹುಟ್ಟುವುದು ಬಲು ಅಪರೂಪ. ಅತ್ತ ಕಾಶ್ಮೀರದಲ್ಲಿ ಕಾಂಗ್ರಿ ಎಂಬ ಕೆಂಡದ ಮಡಕೆಯನ್ನು ಹೊಟ್ಟೆ-ತೊಡೆಗೆ ಒತ್ತಿಟ್ಟುಕೊಂಡು ವರ್ಷಗಟ್ಟಲೆ ಸುಟ್ಟ ಚರ್ಮದಲ್ಲಿ, ಮಾಯದ ಸುಟ್ಟ ಗಾಯದ ಕಲೆಗಳಲ್ಲಿ, ಕುಷ್ಠರೋಗಿಗಳ ಪಾದದ ಹಳೆಯ ಹುಣ್ಣುಗಳಲ್ಲಿ ಸ್ಕ್ವಾಮಸ್ ಕೋಶದ ಕ್ಯಾನ್ಸರ್ ಬರುತ್ತದೆ. ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಪಂಚೆ, ಸೀರೆಯ ಉಜ್ಜುವಿಕೆಯಿಂದಲೂ ಬಂದ ಪ್ರಕರಣಗಳು ಭಾರತದ ವೈದ್ಯಸಾಹಿತ್ಯದಲ್ಲಿವೆ. ಉರಿಯೂತವೊಂದೇ ಸಾಲದು, ಅದರ ಜೊತೆ ಗಾಯವಾಗಿ ಮಾಯುವ, ಮತ್ತೆ ಗಾಯವಾಗುವ ಚಕ್ರವೂ ಕೆಟ್ಟ ಡಿಎನ್‌ಎಯೂ ಕೂಡಬೇಕು ಎಂಬ ಬೆರೆನ್‌ಬ್ಲಂ ಲೆಕ್ಕಾಚಾರಕ್ಕೆ ಇದು ಹೊಂದುತ್ತದೆ.

ಅಗರ್ವಾಲ್ ಅವರ ವಿಷಯ ಬಾಕಿ ಇದೆ. ಟಿಎನ್‌ಎಫ್ ಶುದ್ಧೀಕರಿಸಿ ಹೆಸರು ಮಾಡಿದ ಅವರು ಮುಂದೆ ಹೂಸ್ಟನ್ನಿನಲ್ಲಿ ಅರಿಸಿನದ ಕರ್ಕ್ಯುಮಿನ್ ಹಿಂದೆ ಹೋದರು. ಅದು ಟಿಎನ್‌ಎಫ್-ಎನ್ಎಫ್-ಕಪ್ಪಾಬಿ ದಾರಿಯನ್ನು ತಡೆಯುತ್ತದೆ ಎಂದು ಸಾಲು ಸಾಲು ಪ್ರಬಂಧ ಬರೆದರು. ಅವುಗಳಲ್ಲಿ ಹಲವನ್ನು ಚಿತ್ರಗಳ ಲೋಪದ ಕಾರಣಕ್ಕೆ ನಿಯತಕಾಲಿಕಗಳು ಆಮೇಲೆ ಹಿಂತೆಗೆದುಕೊಂಡವು. ಟಿಪಿಎ ಹಚ್ಚಿದ ಇಲಿಯ ಚರ್ಮಕ್ಕೆ ಕರ್ಕ್ಯುಮಿನ್ ಹಚ್ಚಿದರೆ ಗಡ್ಡೆ ಕಡಿಮೆಯಾಗುತ್ತದೆ ಎಂಬುದನ್ನು 1988ರಲ್ಲೇ ಅಮೆರಿಕದ ಬೇರೊಂದು ತಂಡ ತೋರಿಸಿದ್ದುಂಟು. ಆದರೆ ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರ ಅಲ್ಪ. ಅರಿಸಿನ ಕುಡಿದರೆ ಚರ್ಮದ ಕ್ಯಾನ್ಸರ್ ಬಾರದು ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಗೆ ಈ ಪ್ರಕರಣದಲ್ಲಿ ಯಾವ ಆಧಾರವೂ ಇಲ್ಲ.

ಭಾರತದಲ್ಲಿ ಟಿಎನ್‌ಎಫ್ ತಡೆಯುವ ಔಷಧ ಬರೆಯುವ ವೈದ್ಯರ ಮೊದಲ ಚಿಂತೆ ಕ್ಯಾನ್ಸರ್ ಅಲ್ಲ, ಕ್ಷಯ. ಶ್ವಾಸಕೋಶದಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಗೋಡೆ ಕಟ್ಟಿ ಕೂಡಿಹಾಕಿರುವುದೂ ಇದೇ ಪ್ರೋಟೀನ್. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಮಲಗಿದ್ದ ಕ್ಷಯ ಮೇಲೆದ್ದ 70 ಪ್ರಕರಣಗಳು 2001ರಲ್ಲೇ ವರದಿಯಾಗಿದ್ದವು. ಆದ್ದರಿಂದ ಎದೆಯ ಎಕ್ಸ್‌ರೇ ಮತ್ತು ಮಾಂಟೂ ಎಂಬ ಚರ್ಮದ ಚುಚ್ಚು ಪರೀಕ್ಷೆ ಅಥವಾ ಅದಕ್ಕೆ ಬದಲಾದ ರಕ್ತಪರೀಕ್ಷೆ ಆಗದೆ ಮೊದಲ ಚುಚ್ಚುಮದ್ದು ಕೊಡುವುದಿಲ್ಲ. ಚರ್ಮದ ವಿಚಾರದಲ್ಲಿ ಹೆಚ್ಚು ನಿಗಾ ಬೇಕಾದವರು ಹಿಂದೆ ಸೋರಿಯಾಸಿಸ್‌ಗೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಸೊರಾಲೆನ್ ಮಾತ್ರೆಯೊಂದಿಗೆ ನೇರಳಾತೀತ ಕಿರಣದ ಚಿಕಿತ್ಸೆಯನ್ನು ದೀರ್ಘಕಾಲ ಪಡೆದವರು. ಆ ಚಿಕಿತ್ಸೆಯೇ ಸ್ಕ್ವಾಮಸ್ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಅಂಥವರು ಔಷಧ ನಡೆಯುತ್ತಿರುವಷ್ಟು ಕಾಲವೂ ನಿಯಮಿತವಾಗಿ ಇಡೀ ಮೈಯ ಚರ್ಮವನ್ನು ವೈದ್ಯರಿಗೆ ತೋರಿಸಬೇಕು, ಮಾಯದೆ ಉಳಿದ ಹುಣ್ಣು ಅಥವಾ ಹಕ್ಕಳೆಗಟ್ಟಿದ ಹೊಸ ಗಂಟು ಕಂಡರೆ ಬಯಾಪ್ಸಿ ಮಾಡಿಸಬೇಕು.